ಅದಿರು ಸಾಗಿಸುವ ವ್ಯಾಗನ್ ಮಾದರಿಗೆ ಬಳಕೆಯ ಕಳೆ ತರುವುದು ಹೇಗೆ?

1:87 ಅಳತೆಯ (ಅಂದರೆ ಅಸಲಿಗಿಂತ 87 ಪಟ್ಟು ಚಿಕ್ಕದಾದ) ಬಾಕ್ಸ್‌ಎನ್ ಎಂಬ, ಮೇಲ್ಭಾಗ ತೆರೆದ ಗೂಡ್ಸ್ ವ್ಯಾಗನ್ನಿನ ಮಾದರಿಗೆ ಮೈತುಂಬ ತುಕ್ಕಿನ ಬಣ್ಣ ಬಳಿದರೂ ಅದು ಆಟಿಕೆಯಂತೆಯೇ ಕಾಣುತ್ತಿದೆ ಎಂದು ಕೇಳಿದ್ದೀರಿ. ಮೈತುಂಬ ಒಂದೇ ಬಣ್ಣ ಬಳಿದಿರುವುದೇ ಅದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ನಾನು ಬಳ್ಳಾರಿಯವನು, ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲಿನ ಕಡೆ ಓಡಾಡುವ ಗೂಡ್ಸ್ ಗಾಡಿಗಳನ್ನು ನೋಡಿಕೊಂಡೇ ಬಣ್ಣ ಹಾಕುತ್ತೇನೆ. ಅವುಗಳ ಮೇಲಿನ ಕೆಂಪು ಎರಡು ಬಗೆಯದು. ಸಂಡೂರಿನ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಧೂಳು ಹೊರಗಿನಿಂದ ಬಂದು ಕೂರುವುದರಿಂದ ಅಡ್ಡಪಟ್ಟಿಗಳ ಮೇಲೂ ಮೂಲೆಗಳಲ್ಲೂ ನಿಂತು, ಮಳೆ ಬಿದ್ದಾಗ ಪಕ್ಕದ ತಗಡಿನ ಮೇಲೆ ನೇರ ಗೆರೆಗಳಾಗಿ ಇಳಿಯುತ್ತದೆ. ತುಕ್ಕಾದರೋ ಬಣ್ಣ ಕಿತ್ತುಹೋದ ಜಾಗದಲ್ಲಿ ಉಕ್ಕಿನಿಂದಲೇ ಹುಟ್ಟುವುದರಿಂದ ಹೆಚ್ಚು ಕಂದಾಗಿ, ಬಿಡಿಬಿಡಿ ಮಚ್ಚೆಗಳಾಗಿ ಕಾಣುತ್ತದೆ.

ಆದ್ದರಿಂದ ಮೊದಲು ತುಕ್ಕು, ಆಮೇಲೆ ಧೂಳು. ಅಕ್ಷರಗಳ ಡಿಕಾಲ್ (ಅಂಟಿಸುವ ತೆಳು ಅಚ್ಚು) ಅಂಟಿಸಿ, ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಒಣಗಿದ ನಂತರ, ಹರಿದ ಸ್ಪಾಂಜಿನ ತುದಿಗೆ ಕಡುಕಂದು ಅಕ್ರಿಲಿಕ್ ತಾಗಿಸಿ, ಅದರ ಬಹುಭಾಗವನ್ನು ಕಾಗದದ ಮೇಲೆ ಒರೆಸಿ, ಉಳಿದದ್ದನ್ನಷ್ಟೇ ಮೇಲಂಚಿಗೂ ಬಾಗಿಲುಗಳ ಸುತ್ತಲೂ ತಟ್ಟಿರಿ. ಕಾರ್ಖಾನೆಯಲ್ಲಿ ವ್ಯಾಗನ್ನನ್ನೇ ಹಿಡಿದು ಮಗುಚುವ ಟಿಪ್ಲರ್ ಯಂತ್ರ ಒತ್ತುವುದು ಆ ಮೇಲಂಚನ್ನೇ. ಒಳಭಾಗದ ವಿಚಾರವನ್ನು ಬಹಳ ಜನ ಕಡೆಗಣಿಸುತ್ತಾರೆ: ಅದಿರು ಕಲ್ಲಿದ್ದಲಿಗಿಂತ ಬಹಳ ಭಾರವಾದ್ದರಿಂದ ವ್ಯಾಗನ್ ಅಂಚಿನವರೆಗೆ ತುಂಬುವ ಮೊದಲೇ ತೂಕದ ಮಿತಿ ಮುಟ್ಟುತ್ತದೆ, ಹಾಗಾಗಿ ಒಳಗೋಡೆಯ ಕೆಳಭಾಗ ಉಜ್ಜಿ ಸವೆದಂತೆಯೂ ಮೇಲ್ಭಾಗ ಬರೀ ಧೂಳು ಹಿಡಿದಂತೆಯೂ ಇರಬೇಕು.

ಧೂಳಿಗೆ ಗಣಿಯ ಪುಡಿಯನ್ನೇ ತಂದು ಉದುರಿಸುವ ಆಸೆ ನಮ್ಮೂರಿನವರಿಗೆ ಸಹಜ, ಆದರೆ ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಕಣವೆಂದರೆ ಸುಮಾರು 9 ಸೆಂಟಿಮೀಟರ್ ಕಲ್ಲು. ತೆಳುಬಟ್ಟೆಯಲ್ಲಿ ಸೋಸಿದ ಕೆಮ್ಮಣ್ಣು ಸಾಕು. ಪಿಗ್ಮೆಂಟ್ ಎಂಬ ಬಣ್ಣದ ಪುಡಿಯ ದುಬಾರಿ ಡಬ್ಬಿಗಳು ಬೇಕೇ ಬೇಕೆಂದು ನನಗನ್ನಿಸಿಲ್ಲ. ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಎಳೆಯಿರಿ. ಕೊನೆಯ ವಾರ್ನಿಷ್ ಪುಡಿಯ ಬಣ್ಣವನ್ನು ಮಂಕಾಗಿಸುವುದರಿಂದ ಬೇಕಾದುದಕ್ಕಿಂತ ಸ್ವಲ್ಪ ಗಾಢವಾಗಿಯೇ ಹಚ್ಚುವುದು ಒಳ್ಳೆಯದು. ಚಕ್ರದ ಚೌಕಟ್ಟಿಗೆ ಬ್ರೇಕಿನ ಮಸಿಗಂದು ಒಪ್ಪುತ್ತದೆ, ಆದರೆ ಹಳಿಗೆ ತಾಗುವ ಅಂಚಿಗೆ ಏನನ್ನೂ ಹಚ್ಚಬೇಡಿ. ಹಳಿ ಕೊಳೆಯಾದರೆ ಎಂಜಿನ್ನಿಗೆ ವಿದ್ಯುತ್ ಸರಿಯಾಗಿ ಸಿಗುವುದಿಲ್ಲ.

ನಿಮ್ಮ ಮಾದರಿ ಬಾಕ್ಸ್‌ಎನ್‌ನ ಇನ್ನೊಂದು ಬಗೆಯಾದ ಬಾಕ್ಸ್‌ಎನ್‌ಎಚ್‌ಎಲ್ ಆಗಿದ್ದರೆ ಮಾತ್ರ ಲೆಕ್ಕ ಬೇರೆ. ಅದರ ಮೈ ಸ್ಟೇನ್‌ಲೆಸ್ ಉಕ್ಕಿನದಾದ್ದರಿಂದ ತುಕ್ಕಿನ ಹಂತವನ್ನು ಬಹುತೇಕ ಬಿಟ್ಟು, ಧೂಳನ್ನಷ್ಟೇ ಹಚ್ಚಿರಿ.