ಊರಿಗೆ ಮರಳಲೇ, ಗಂಡನ ಜೊತೆ ಉಳಿಯಲೇ?

ಪ್ರಶ್ನೆ: ನನಗೆ ಮೂವತ್ತು ವರ್ಷ, ಸಾಗರದ ಹತ್ತಿರದವಳು. ಮದುವೆಯಾಗಿ ಕಳೆದ ಮೇ ತಿಂಗಳಲ್ಲಿ ಜರ್ಮನಿಯ ಮ್ಯೂನಿಕ್‌ಗೆ ಬಂದೆ. ಅದಕ್ಕೆ ಮೊದಲು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಇದ್ದೆ. ದೀಪಾವಳಿಯ ನಂತರ ಮನಸ್ಸು ನಿಲ್ಲುತ್ತಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಅಮ್ಮನಿಗೆ ವಿಡಿಯೊ ಕರೆ ಮಾಡುತ್ತೇನೆ. ಅಡಿಕೆ ಸುಲಿಯುವಾಗ ಅಮ್ಮ ಫೋನನ್ನು ಕಂಬಕ್ಕೆ ಒರಗಿಸಿಡುತ್ತಾರೆ, ನಾನು ಸುಮ್ಮನೆ ನೋಡುತ್ತಾ ಕೂರುತ್ತೇನೆ. ಕರೆ ಮುಗಿದ ಮೇಲೆ ಅಳು ತಡೆಯಲಾಗುವುದಿಲ್ಲ. ಪತಿ ‘ಸ್ವಲ್ಪ ದಿನ, ಹೊಂದಿಕೊಳ್ಳುತ್ತೀಯ’ ಎನ್ನುತ್ತಾರೆ. ಅವರ ಕೆಲಸದ ಒಪ್ಪಂದ ಇನ್ನೂ ಎರಡು ವರ್ಷವಿದೆ. ಹಳೆಯ ಶಾಲೆಯವರು ಜೂನ್‌ಗೆ ಬರುವುದಾದರೆ ಜಾಗವಿದೆ ಎಂದಿದ್ದಾರೆ. ಹೋಗಿಬಿಡಲೇ?

ಉತ್ತರ: ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ಆದರೆ ಈ ತೀರ್ಮಾನವನ್ನು ಡಿಸೆಂಬರ್‌ನಲ್ಲಿ ಮಾಡಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ನೀವಿರುವ ಊರಿನಲ್ಲಿ ಈಗ ಸೂರ್ಯ ಬೆಳಿಗ್ಗೆ ಎಂಟರ ಹೊತ್ತಿಗೆ ಹುಟ್ಟಿ ಸಂಜೆ ನಾಲ್ಕೂವರೆಯೊಳಗೆ ಮುಳುಗುತ್ತಾನೆ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಭಾರತಕ್ಕೂ ನಿಮಗೂ ನಡುವಿನ ಅಂತರ ಮೂರೂವರೆ ಗಂಟೆಯಿಂದ ನಾಲ್ಕೂವರೆಗೆ ಏರಿದೆ. ಹೀಗಾಗಿ ನಿಮ್ಮ ಕಿಟಕಿಯಾಚೆ ಕತ್ತಲು ಕವಿಯುವ ಹೊತ್ತಿಗೆ ಸಾಗರದಲ್ಲಿ ರಾತ್ರಿ ಒಂಬತ್ತು. ಮನೆಯವರೂ ನೆರೆಯವರೂ ಒಂದೇ ದೀಪದ ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಮಾತಾಡುತ್ತಾ ಅಡಿಕೆ ಸುಲಿಯುತ್ತಿರುತ್ತಾರೆ. ವರ್ಷದಲ್ಲೇ ಅತಿ ಹೆಚ್ಚು ಜನ ಸೇರುವ ಅಂಗಳವನ್ನು ನೀವು ವರ್ಷದಲ್ಲೇ ಅತಿ ಒಂಟಿಯಾದ ಗಳಿಗೆಯಲ್ಲಿ ನೋಡುತ್ತಿದ್ದೀರಿ. ಅಳು ಬಾರದಿದ್ದರೇ ಆಶ್ಚರ್ಯಪಡಬೇಕಿತ್ತು.

ಬಿಸಿಲು ಕಡಿಮೆಯಾದಾಗ ಮನಸ್ಸು ಕುಗ್ಗುವುದು ಉತ್ತರದ ದೇಶಗಳಲ್ಲಿ ಹುಟ್ಟಿ ಬೆಳೆದವರಿಗೂ ಇರುವ ತೊಂದರೆ. ಮೋಡವಿದ್ದರೂ ಸರಿ, ಬೆಳಕು ಹರಿದ ಮೇಲೆ ಮುಕ್ಕಾಲು ಗಂಟೆ ಹೊರಗೆ ನಡೆಯಿರಿ. ಡಿ ಜೀವಸತ್ವದ ಪರೀಕ್ಷೆಯ ಬಗ್ಗೆ ನಿಮ್ಮ ಕುಟುಂಬ ವೈದ್ಯರನ್ನು ಕೇಳಿ. ನಿದ್ದೆ, ಹಸಿವು, ಯಾವುದರಲ್ಲಾದರೂ ಇರುವ ಆಸಕ್ತಿ ಇವು ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ ಅದನ್ನು ಊರಿನ ನೆನಪು ಎಂದುಕೊಂಡು ಸಹಿಸುತ್ತಾ ಕೂರಬೇಡಿ. ಅಲ್ಲಿ 116117 ಸಂಖ್ಯೆಗೆ ಕರೆ ಮಾಡಿ ಮನೋಚಿಕಿತ್ಸಕರ ಮೊದಲ ಭೇಟಿಗೆ ಸಮಯ ಕೇಳಬಹುದು, ಅದಕ್ಕೆ ಬೇರೆ ವೈದ್ಯರ ಚೀಟಿ ಬೇಕಿಲ್ಲ. ಬದುಕೇ ಬೇಡ ಎನ್ನಿಸುವ ಯೋಚನೆ ಬಂದರೆ ಅದೇ ದಿನ ಪತಿಗೆ ಹೇಳಿ, 112ಕ್ಕೆ ಕರೆ ಮಾಡಿ.

1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಮನೆಯ ಹಂಬಲವನ್ನು ಕಾಯಿಲೆಯೆಂದೇ ವಿವರಿಸಿ ಪ್ರಬಂಧ ಬರೆದಿದ್ದ. ರೋಗಿಯನ್ನು ಊರಿಗೆ ಕಳುಹಿಸುವುದೇ ಅವನು ಸೂಚಿಸಿದ ಖಚಿತ ಮದ್ದು. ನಿಮ್ಮ ಮಟ್ಟಿಗೆ ಆ ಮದ್ದು ಅರ್ಧ ಮಾತ್ರ ಸರಿ ಎಂದು ನನಗೆ ತೋರುತ್ತದೆ. ನಿಮ್ಮ ಮೂಲ ಪತ್ರ ಇಲ್ಲಿ ಅಚ್ಚಾದದ್ದಕ್ಕಿಂತ ಬಹಳ ಉದ್ದವಿದೆ, ಅದರಲ್ಲಿ ಅಮ್ಮನಷ್ಟೇ ಜಾಗ ಪಡೆದವರು ಎಂಟನೇ ತರಗತಿಯ ಮಕ್ಕಳು. ಬೀಜಗಣಿತ ಕಂಡರೆ ಹೆದರುತ್ತಿದ್ದ ಹುಡುಗಿ ಒಂದು ದಿನ ತಾನಾಗಿಯೇ ಕಪ್ಪುಹಲಗೆಯ ಹತ್ತಿರ ಬಂದದ್ದನ್ನು ಎಷ್ಟು ವಿವರವಾಗಿ ಬರೆದಿದ್ದೀರಿ! ಊರಿನ ಜೊತೆಗೆ ನೀವು ಬಿಟ್ಟುಬಂದದ್ದು ಬೆಳಗಾದರೆ ನಿಮಗಾಗಿ ಕಾಯುತ್ತಿದ್ದ ನಲವತ್ತು ಮುಖಗಳನ್ನು. ಮದುವೆಯ ಸಡಗರದಲ್ಲಿ ಆ ನಷ್ಟವನ್ನು ಯಾರೂ ನಷ್ಟವೆಂದು ಲೆಕ್ಕ ಹಿಡಿಯಲಿಲ್ಲ, ನೀವೂ ಹಿಡಿದಂತಿಲ್ಲ.

ಕೆಲಸಕ್ಕೆ ಜೂನ್‌ವರೆಗೆ ಕಾಯಬೇಕಾಗಿಲ್ಲ. ನಿಮ್ಮಲ್ಲಿ ಮಧ್ಯಾಹ್ನ ಹನ್ನೆರಡೂವರೆಯಾದಾಗ ಸಾಗರದಲ್ಲಿ ಸಂಜೆ ಐದು, ಮಕ್ಕಳು ಶಾಲೆಯಿಂದ ಮನೆಗೆ ಬಂದಿರುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಈ ತಿಂಗಳುಗಳಲ್ಲಿ ಹಳೆಯ ಶಾಲೆಯ ನಾಲ್ಕೈದು ಮಕ್ಕಳಿಗೆ ವಾರಕ್ಕೆ ಮೂರು ದಿನ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುವುದಾಗಿ ಮುಖ್ಯೋಪಾಧ್ಯಾಯರಿಗೆ ಬರೆಯಿರಿ, ಹಣದ ಮಾತು ಸದ್ಯಕ್ಕೆ ಬೇಡ. ಜೊತೆಗೆ ಜರ್ಮನ್ ಭಾಷೆಯ ತರಗತಿಗೆ ಸೇರಿ. ಮೊಬೈಲ್ ಆ್ಯಪ್‌ನಲ್ಲಿ ಕಲಿತರೆ ಸಾಲದು, ಊರಿನ ಫೋಕ್ಸ್‌ಹೋಖ್‌ಷೂಲೆಯ, ಅಂದರೆ ವಯಸ್ಕರಿಗಾಗಿ ನಡೆಸುವ ಸಾರ್ವಜನಿಕ ಕಲಿಕಾ ಕೇಂದ್ರದ, ಕೋಣೆಯಲ್ಲಿ ನಿಮ್ಮಂತೆಯೇ ತಡವರಿಸುವವರ ಪಕ್ಕದಲ್ಲಿ ಕುಳಿತು ಕಲಿಯಬೇಕು. ಮ್ಯೂನಿಕ್‌ನಲ್ಲಿ ಸಿರಿಗನ್ನಡ ಕೂಟವಿದೆ, ಹೋಗಿ ಬನ್ನಿ, ಆದರೆ ಹಬ್ಬಕ್ಕೊಮ್ಮೆ ಸೇರುವ ಕೂಟದಿಂದ ವಾರದ ಉಳಿದ ದಿನಗಳು ತುಂಬುವುದಿಲ್ಲ.

ಅಮ್ಮನಿಗೆ ಕರೆ ಮಾಡುವುದನ್ನು ನಿಲ್ಲಿಸಬೇಕಾಗಿಲ್ಲ, ಅದರ ಹೊತ್ತನ್ನು ಬದಲಿಸಿ. ಬೆಳಿಗ್ಗೆ ನೀವು ಕಾಫಿ ಮಾಡುವಾಗ ಅಲ್ಲಿ ಊಟದ ಹೊತ್ತು; ಒಂದು ನಿಶ್ಚಿತ ಕರೆ ಆಗ ಇರಲಿ, ಇಬ್ಬರ ಕೈಯಲ್ಲೂ ಕೆಲಸವಿರಲಿ. ಅಂಗಳದ ದೃಶ್ಯವನ್ನು ಗಂಟೆಗಟ್ಟಲೆ ನೋಡುವುದನ್ನು ಮಾತ್ರ ಸದ್ಯಕ್ಕೆ ಬಿಡಿ. ಕಾರಣವನ್ನು ಅಮ್ಮನಿಗೆ ನೀವೇ ಹೇಳಿ, ಇಲ್ಲವಾದರೆ ಮಗಳು ಮುನಿದಳೆಂದು ಅವರು ನಿದ್ದೆಗೆಡುತ್ತಾರೆ.

ನಿಮ್ಮ ಪತಿ ಕೆಟ್ಟವರೆಂದು ನನಗೆ ಅನ್ನಿಸುವುದಿಲ್ಲ, ಆದರೆ ‘ಹೊಂದಿಕೊಳ್ಳುತ್ತೀಯ’ ಎಂಬುದು ಕೇಳಿದವರನ್ನು ಸುಮ್ಮನಾಗಿಸುವ ಮಾತು. ಅವರಿಗೆ ಕಚೇರಿಯಲ್ಲಿ ದಿನವಿಡೀ ಮಾತಿಗೆ ಜನ ಸಿಗುತ್ತಾರೆ, ನಿಮಗೆ ಸಿಗುವುದು ಸುಸ್ತಾಗಿ ಬಂದ ಅವರೊಬ್ಬರೇ. ‘ನನ್ನನ್ನು ಅರ್ಥಮಾಡಿಕೊಳ್ಳಿ’ ಎಂದು ಕೇಳಿದರೆ ಅವರು ತಲೆಯಾಡಿಸಿ ಸುಮ್ಮನಾಗಬಹುದು. ವಾರದಲ್ಲಿ ಎರಡು ಸಂಜೆ ಐದಕ್ಕೆ ಮನೆಯಲ್ಲಿರಬೇಕು, ಶನಿವಾರ ಇಸಾರ್ ನದಿಯ ದಂಡೆಯಲ್ಲಿ ಜೊತೆಗೆ ನಡೆಯಬೇಕು ಎಂದು ಸ್ಪಷ್ಟವಾಗಿ ಕೇಳಿ.

ಸಾಧ್ಯವಾದರೆ ಜನವರಿಯಲ್ಲಿ ಒಂದು ತಿಂಗಳು ಊರಿಗೆ ಹೋಗಿ, ಮರಳುವ ಟಿಕೆಟ್ ತೆಗೆದುಕೊಂಡೇ ಹೊರಡಿ. ಶಾಲೆಯವರಿಗೆ ಏಪ್ರಿಲ್ ಕೊನೆಯಲ್ಲಿ ಉತ್ತರ ಕೊಡುವುದಾಗಿ ಈಗಲೇ ತಿಳಿಸಿ. ಅಷ್ಟು ಹೊತ್ತಿಗೆ ಬೆಳಕು ರಾತ್ರಿ ಎಂಟರವರೆಗೂ ಇರುತ್ತದೆ. ಆಗಲೂ ಆ ತರಗತಿಯ ಕೋಣೆಯೇ ಕರೆಯುತ್ತಿದ್ದರೆ ಎರಡು ವರ್ಷ ದೂರವಿದ್ದು ದುಡಿಯುವುದನ್ನು ಗಂಡ ಹೆಂಡತಿ ಕೂತು ಮಾತಾಡಿ. ಅದನ್ನು ಸೋಲೆಂದು ಕರೆಯುವ ನೆಂಟರ ಮಾತಿಗೆ ಕಿವಿಗೊಡಬೇಡಿ. ಒಂದು ಎಚ್ಚರಿಕೆ: ಜರ್ಮನಿಯ ವಾಸದ ಪರವಾನಗಿ ಸಾಮಾನ್ಯವಾಗಿ ಆರು ತಿಂಗಳು ಮೀರಿ ಹೊರಗಿದ್ದರೆ ರದ್ದಾಗುತ್ತದೆ, ಪತಿಯದು ಉನ್ನತ ಕೌಶಲದ ಕೆಲಸಗಾರರಿಗೆ ಕೊಡುವ ‘ಬ್ಲೂ ಕಾರ್ಡ್’ ಪರವಾನಗಿ ಆಗಿದ್ದರೆ ಕುಟುಂಬದವರಿಗೂ ಈ ಅವಧಿ ಹನ್ನೆರಡು ತಿಂಗಳು. ಆದ್ದರಿಂದ ಹೊರಡುವ ಮೊದಲು ವಿದೇಶಿಯರ ಕಚೇರಿಯಿಂದ ನಿಮ್ಮ ಪರವಾನಗಿಗೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.