ಐನೂರರ ನೋಟಿನ ಮೇಲೆ ಕೋತಿ ಇರಲಿಲ್ಲ: ಲಂಡನ್ ಸ್ಲ್ಯಾಂಗ್ ಬಗ್ಗೆ ಓದುಗರ ಪ್ರಶ್ನೆ, ತಜ್ಞರ ಉತ್ತರ

ಇಂಗ್ಲಿಷ್ ಸ್ಲ್ಯಾಂಗ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ನಾಲ್ಕೈದು ಕಥೆಗಳ ಸುತ್ತ ತಿರುಗುತ್ತವೆ. ಯಾರೋ ವಾಟ್ಸಾಪಿನಲ್ಲಿ ಕಳಿಸಿರುತ್ತಾರೆ, ಇನ್ಯಾರೋ ವಿಡಿಯೊ ಮಾಡಿರುತ್ತಾರೆ. ಹೋದ ತಿಂಗಳು ಉತ್ತರ ಕೊಟ್ಟಿದ್ದೇ ಈ ತಿಂಗಳು ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಅವನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಲಂಡನ್ನಿನಲ್ಲಿ 500 ಪೌಂಡಿಗೆ ‘ಮಂಕಿ’ ಅಂತಾರೆ. ಬ್ರಿಟಿಷರ ಕಾಲದ ನಮ್ಮ 500 ರೂಪಾಯಿ ನೋಟಿನ ಮೇಲೆ ಕೋತಿ ಚಿತ್ರ ಇತ್ತಂತೆ, ಊರಿಗೆ ಮರಳಿದ ಸೈನಿಕರು ಆ ಹೆಸರನ್ನು ಅಲ್ಲಿಗೆ ಒಯ್ದರಂತೆ. 25 ಪೌಂಡಿಗೆ ‘ಪೋನಿ’ ಅನ್ನೋದೂ ಹಾಗೇ, ಆ ನೋಟಿನ ಮೇಲೆ ಕುದುರೆ ಇತ್ತಂತೆ. ನಿಜವೇ? ಪೂರ್ವ ಲಂಡನ್ನಿನ ಕಾಕ್ನಿ ಜನರ ಪ್ರಾಸದ ಸ್ಲ್ಯಾಂಗ್ ಅಂದ್ರೆ ಇದೇನಾ?

ನಿಜವಲ್ಲ. ಪ್ರಾಸದ ಸ್ಲ್ಯಾಂಗೂ ಅಲ್ಲ, ಅದರಲ್ಲಿ ಹೇಳಬೇಕಾದ ಶಬ್ದದ ಬದಲು ಅದಕ್ಕೆ ಪ್ರಾಸ ಕೂಡುವ ಬೇರೆ ಮಾತು ಹೇಳುತ್ತಾರೆ. ಈ ಕಥೆಯನ್ನು ಲಂಡನ್ನಿನ ಟೂರಿಸ್ಟ್ ಗೈಡುಗಳು ಹೇಳುತ್ತಾರೆ, ಹಣಕಾಸಿನ ವೆಬ್‌ಸೈಟುಗಳು ಬರೆಯುತ್ತವೆ, ನಮ್ಮವರು ಭಾರತದ ಹೆಸರು ಬಂತು ಅಂತ ಖುಷಿಯಿಂದ ಹಂಚುತ್ತಾರೆ. ಒಬ್ಬರೂ ಆ ನೋಟಿನ ಫೋಟೊ ತೋರಿಸಿಲ್ಲ. ಹಳೇ ನೋಟುಗಳನ್ನು ಸಂಗ್ರಹಿಸುವವರು ದೇಶದ ತುಂಬ ಇದ್ದಾರೆ, ಅಂಥ ನೋಟು ಇದ್ದಿದ್ದರೆ ಹರಾಜಿನಲ್ಲಿ ಇಷ್ಟು ಹೊತ್ತಿಗೆ ಕೋಟಿಗೆ ಹೋಗಿರುತ್ತಿತ್ತು.

ಮೊದಲು ಇಸವಿ ನೋಡಿ. 25 ಪೌಂಡಿನ ‘ಪೋನಿ’ 18ನೇ ಶತಮಾನ ಮುಗಿಯುವ ಮೊದಲೇ ಬರವಣಿಗೆಯಲ್ಲಿ ಸಿಗುತ್ತದೆ. ‘ಮಂಕಿ’ 1830ರ ದಶಕದಲ್ಲಿ ಬಳಕೆಯಲ್ಲಿತ್ತು. ಭಾರತ ಸರ್ಕಾರ ನೋಟು ಹೊರಡಿಸಲು ಶುರು ಮಾಡಿದ್ದು 1861ರ ಕಾಗದದ ಕರೆನ್ಸಿ ಕಾಯ್ದೆ ಬಂದ ಮೇಲೆ. ಆ ಮೊದಲ ಸಾಲಿನ ನೋಟುಗಳ ಮೇಲೆ ಇದ್ದದ್ದು ವಿಕ್ಟೋರಿಯಾ ರಾಣಿಯ ಮುಖ. ಆ ಸಾಲಿನಲ್ಲಿ 10, 20, 50, 100 ಇದ್ದವು, 25ರ ನೋಟು ಇರಲೇ ಇಲ್ಲ. ನೋಟಿಗಿಂತ ಹೆಸರು ಹಳೆಯದು ಅಂದಮೇಲೆ ನೋಟಿನಿಂದ ಹೆಸರು ಹೇಗೆ ಬರುತ್ತದೆ?

ಇಷ್ಟು ಹೇಳಿದ ಕೂಡಲೇ ಒಬ್ಬರು ಕೇಳುತ್ತಾರೆ, 1861ಕ್ಕೂ ಮೊದಲು ಬ್ಯಾಂಕುಗಳು ನೋಟು ಮಾಡುತ್ತಿದ್ದವಲ್ಲ ಅಂತ. ಹೌದು, ಮಾಡುತ್ತಿದ್ದವು, ಒಳ್ಳೆಯ ಪ್ರಶ್ನೆ. ಬ್ಯಾಂಕ್ ಆಫ್ ಬೆಂಗಾಲ್ ನೋಟಿನ ಮೇಲೆ ವ್ಯಾಪಾರವನ್ನು ಸೂಚಿಸುವ ಹೆಂಗಸಿನ ಚಿತ್ರ ಇರುತ್ತಿತ್ತು. ಬ್ಯಾಂಕ್ ಆಫ್ ಬಾಂಬೆಯದರಲ್ಲಿ ಅಲ್ಲಿನ ಟೌನ್ ಹಾಲು, ಜೊತೆಗೆ ಅಲ್ಲಿ ಗವರ್ನರುಗಳಾಗಿದ್ದ ಎಲ್ಫಿನ್‌ಸ್ಟನ್ ಮತ್ತು ಮಾಲ್ಕಮ್. ಬ್ಯಾಂಕ್ ಆಫ್ ಮದ್ರಾಸ್ ನೋಟಿನ ಮೇಲೆ ಥಾಮಸ್ ಮನ್ರೋ, ಅದೇ ನಮ್ಮ ಬಳ್ಳಾರಿ ಸೀಮೆಯಲ್ಲಿ ಕಂದಾಯದ ಲೆಕ್ಕ ಕಟ್ಟಿದ ಮನ್ರೋ. ಕೋತಿಯೂ ಇಲ್ಲ, ಕುದುರೆಯೂ ಇಲ್ಲ.

ಲೆಕ್ಕವನ್ನೂ ಹಾಕಿ ನೋಡಿ. 19ನೇ ಶತಮಾನದ ನಡುವಿನಲ್ಲಿ ಒಂದು ಪೌಂಡಿಗೆ ಸುಮಾರು 10 ರೂಪಾಯಿ. ಅಂದರೆ 500 ರೂಪಾಯಿ ಅಂದ್ರೆ 50 ಪೌಂಡು. ಸಾಮಾನ್ಯ ಬ್ರಿಟಿಷ್ ಸಿಪಾಯಿಗೆ ದಿನಕ್ಕೆ ಒಂದು ಶಿಲ್ಲಿಂಗ್ ಸಂಬಳ, ಪೌಂಡಿಗೆ 20 ಶಿಲ್ಲಿಂಗ್. ಊಟ, ಬಟ್ಟೆಗೆ ಹಿಡಿಯುವ ಹಣವನ್ನು ಬಿಟ್ಟರೂ ಆ ಒಂದು ನೋಟು ಅವನ 1000 ದಿನದ ದುಡಿಮೆ. ಇಂಥ ನೋಟನ್ನು ಬ್ಯಾರಕ್ಕಿನ ಹುಡುಗರು ದಿನಾ ಕೈಯಲ್ಲಿ ಹಿಡಿದು ಅದಕ್ಕೆ ಅಡ್ಡಹೆಸರು ಇಟ್ಟರು ಅನ್ನೋದನ್ನು ನಂಬುವುದು ಹೇಗೆ? ಒಂದು ವೇಳೆ ಇಟ್ಟಿದ್ದರೂ ಊರಿಗೆ ಹೋದ ಮೇಲೆ ಆ ಹೆಸರು 50 ಪೌಂಡಿಗೆ ಅಂಟಿಕೊಳ್ಳಬೇಕಿತ್ತು, 500ಕ್ಕಲ್ಲ.

ಈ ಎರಡೂ ಮಾತು ಬಾಜಿ ಕಟ್ಟುವವರದು. ಕುದುರೆ ರೇಸು, ಜೂಜಿನ ಮೇಜು, ಕೈಯಲ್ಲಿ ದೊಡ್ಡ ಮೊತ್ತ ಆಡಿಸುವ ಶ್ರೀಮಂತರ ಮಕ್ಕಳು. ಬಡ ಪೂರ್ವ ಲಂಡನ್ನಿನ ಬೀದಿಗೆ ಅವು ಆಮೇಲೆ ಇಳಿದವು. ಪ್ರಾಸದ ಸ್ಲ್ಯಾಂಗಿಗೆ ಪ್ರಾಸ ಬೇಕಲ್ಲವೇ? ‘ಮಂಕಿ’ಗೂ ‘ಫೈವ್ ಹಂಡ್ರೆಡ್’ಗೂ ಎಲ್ಲಿದೆ ಪ್ರಾಸ? ಹಣಕ್ಕೆ ಪ್ರಾಸದಿಂದ ಬಂದ ಹೆಸರುಗಳು ಬೇರೆ ಇವೆ. ಐದು ಪೌಂಡು, ಅಂದರೆ ‘ಫೈವರ್’, ‘ಲೇಡಿ ಗಡೈವಾ’. ಸಾವಿರ, ಅಂದರೆ ‘ಗ್ರ್ಯಾಂಡ್’, ‘ಬ್ಯಾಗ್ ಆಫ್ ಸ್ಯಾಂಡ್’. ಹತ್ತರ ‘ಟೆನರ್’ಗೆ ರೇಸ್ ಕಾರಿನ ‘ಐರ್ಟನ್ ಸೆನ್ನಾ’, ಇದು ಇತ್ತೀಚಿನದು.

ನನಗೆ ಸಿಟ್ಟು ಬರುವುದು ಎಲ್ಲಿ ಅಂದ್ರೆ, ಇಷ್ಟನ್ನು ಪರೀಕ್ಷಿಸಲು ಪಂಡಿತರೇ ಬೇಕಾಗಿಲ್ಲ. ಒಂದು ಮಾತು ಮೊದಲು ಯಾವಾಗ ಅಚ್ಚಾಯಿತು ಅಂತ ನೋಡಬೇಕು, ಕಥೆಯ ಇಸವಿ ಅದಕ್ಕಿಂತ ಈಚೆಯದಾದರೆ ಕಥೆಯನ್ನು ಬಿಸಾಡಬೇಕು, ಅಷ್ಟೇ. ಜೊನಾಥನ್ ಗ್ರೀನ್ ಅವರ ದೊಡ್ಡ ಸ್ಲ್ಯಾಂಗ್ ನಿಘಂಟು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಪ್ರತಿ ಅರ್ಥಕ್ಕೂ ಇಸವಿಯೊಂದಿಗೆ ಉದಾಹರಣೆ ಇದೆ. ಅದನ್ನು ತೆರೆಯದೆ ವಿಡಿಯೊ ಮಾಡುವವರನ್ನು ದಯವಿಟ್ಟು ನಂಬಬೇಡಿ.

ಪ್ರಶ್ನೆ: ಭಾರತಕ್ಕೆ ಬರುವ ಹಡಗಿನಲ್ಲಿ ಬಿಸಿಲು ತಾಗದ ಕೋಣೆಯ ಟಿಕೆಟ್ಟಿಗೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ (ಬರುವಾಗ ಹಡಗಿನ ಎಡಬದಿ, ಮರಳುವಾಗ ಬಲಬದಿ) ಅಂತ ಮುದ್ರೆ ಹೊಡೆಯುತ್ತಿದ್ದರಂತೆ, ಅದರ ಮೊದಲ ಅಕ್ಷರಗಳೇ ‘ಪಾಶ್’ ಆಯಿತಂತೆ?

ಅಂಥ ಮುದ್ರೆ ಇರುವ ಒಂದೇ ಒಂದು ಟಿಕೆಟ್ ಈವರೆಗೆ ಸಿಕ್ಕಿಲ್ಲ. ಠಾಕುಠೀಕಾಗಿ ಬಟ್ಟೆ ಹಾಕುವವನಿಗೆ ‘ಪಾಶ್’ ಎನ್ನುವುದು 1890ರಲ್ಲೇ ಇತ್ತು, ಹಡಗಿನ ಕಥೆ ಕಾಣಿಸಿಕೊಂಡಿದ್ದು 1930ರ ದಶಕದಲ್ಲಿ.

ಪ್ರಶ್ನೆ: ಹಾಗಾದ್ರೆ ಭಾರತದಿಂದ ಬ್ರಿಟಿಷ್ ಸ್ಲ್ಯಾಂಗಿಗೆ ಏನೂ ಹೋಗಿಲ್ಲವೇ?

ಬೇಕಾದಷ್ಟು ಹೋಗಿದೆ. ಅದಕ್ಕೇ ಸುಳ್ಳು ಕಥೆಗಳ ಬಗ್ಗೆ ನನಗೆ ಅಷ್ಟು ಬೇಸರ. ನಿಜವಾದದ್ದು ಕಣ್ಣೆದುರು ಇರುವಾಗ ಕೋತಿಯ ನೋಟು ಯಾಕೆ ಬೇಕು?

‘ಡೂಲಾಲಿ’ ತೆಗೆದುಕೊಳ್ಳಿ, ತಲೆ ಕೆಟ್ಟವನು ಅಂತ ಅರ್ಥ. ನಾಸಿಕ್ ಹತ್ತಿರದ ದೇವಳಾಲಿಯಿಂದ ಬಂದದ್ದು. ಅಲ್ಲಿ ಬ್ರಿಟಿಷ್ ಸೇನೆಯ ದೊಡ್ಡ ಶಿಬಿರ ಇತ್ತು. ಸೇವೆ ಮುಗಿದ ಸೈನಿಕರು ಊರಿಗೆ ಹೋಗುವ ಹಡಗಿಗಾಗಿ ಅಲ್ಲಿ ಕಾಯಬೇಕಿತ್ತು. ಹಡಗುಗಳು ಹೊರಡುತ್ತಿದ್ದದ್ದು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ. ಬೇಸಿಗೆಯ ಹೊತ್ತಿಗೆ ಅವಧಿ ಮುಗಿದವನು ತಿಂಗಳುಗಟ್ಟಲೆ ಕೆಲಸವಿಲ್ಲದೆ, ಬಿಸಿಲಲ್ಲಿ, ಹೆಂಡದ ಜೊತೆ ಕೊಳೆಯುತ್ತಿದ್ದ. ಅವರ ಪೂರ್ತಿ ಮಾತು ‘ಡೂಲಾಲಿ ಟ್ಯಾಪ್’. ಇಂಗ್ಲಿಷ್ ಓದುಗರು ಆ ಟ್ಯಾಪನ್ನು ನೀರಿನ ನಲ್ಲಿ ಅಂದುಕೊಳ್ಳುತ್ತಾರೆ. ನಮಗೆ ಆ ತೊಂದರೆ ಇಲ್ಲ, ಅದು ತಾಪ, ಜ್ವರ. ಆಮೇಲೆ ತಾಪ ಬಿದ್ದುಹೋಗಿ ಊರಿನ ಹೆಸರು ಮಾತ್ರ ಉಳಿಯಿತು.

‘ಕುಶಿ’ ಅಂದ್ರೆ ಆರಾಮದ ಕೆಲಸ, ನಮ್ಮ ಖುಷಿಯ ನಂಟಸ್ತಿಕೆಯದೇ. ‘ಡೆಕ್ಕೊ’ ಹಿಂದಿಯ ದೇಖೋ. ‘ಬ್ಲೈಟಿ’ ಬಂದದ್ದು ವಿಲಾಯತಿ ಶಬ್ದದ ಉತ್ತರದ ಉಚ್ಚಾರ ಬಿಲಾಯತಿಯಿಂದ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ‘ಬ್ಲೈಟಿ’ ಅಂದ್ರೆ ಊರು, ಇಂಗ್ಲೆಂಡ್. ಸಾಯುವಷ್ಟು ದೊಡ್ಡದಲ್ಲದ, ಊರಿಗೆ ಕಳಿಸುವಷ್ಟು ಸಾಕಾಗುವ ಗಾಯಕ್ಕೂ ಅದೇ ಹೆಸರು. ಆ ಗಾಯಕ್ಕಾಗಿ ಹುಡುಗರು ಹಾರೈಸುತ್ತಿದ್ದರು.

ಪ್ರಶ್ನೆ: ಪ್ರಾಸದ ಸ್ಲ್ಯಾಂಗನ್ನು ಪೊಲೀಸರಿಗೆ ಗೊತ್ತಾಗದಿರಲಿ ಅಂತ ಕಳ್ಳರು ಕಟ್ಟಿದ್ದಲ್ವಾ?

ಕಳ್ಳರೂ ಬಳಸಿದರು, ಆದರೆ ಅವರು ಕೂತು ಕಟ್ಟಿದ ಗುಪ್ತ ಭಾಷೆ ಅನ್ನೋದಕ್ಕೆ ಆಧಾರ ಇಲ್ಲ. ಲಂಡನ್ನಿನ ಪ್ರಕಾಶಕ ಜಾನ್ ಕ್ಯಾಮ್ಡನ್ ಹಾಟನ್ 1859ರಲ್ಲಿ ಸ್ಲ್ಯಾಂಗ್ ನಿಘಂಟು ತಂದಾಗ ಅದರಲ್ಲಿ ಪ್ರಾಸದ ಮಾತುಗಳ ಪಟ್ಟಿಯನ್ನೇ ಕೊಟ್ಟ, ಇದು ಹನ್ನೆರಡು ಹದಿನೈದು ವರ್ಷದಿಂದ ಈಚೆಗೆ ಬಂದದ್ದು ಅಂದ. ಬಳಸುವವರು ಯಾರು ಅಂದ್ರೆ ಬೀದಿಯಲ್ಲಿ ಹಾಡಿನ ಹಾಳೆ ಮಾರುವವರು, ಬಾಯಿ ಮಾಡಿ ಸಾಮಾನು ಮಾರುವವರು. ಮಾತೇ ಬಂಡವಾಳ ಆದವರು ಮಾತಿನಲ್ಲಿ ಆಟ ಆಡಿದರು. ಗುಟ್ಟು ಮಾಡಲೇಬೇಕಾಗಿದ್ದ ತಳ್ಳುಗಾಡಿ ವ್ಯಾಪಾರಿಗಳಿಗೆ ಬೇರೆ ದಾರಿ ಇತ್ತು, ಶಬ್ದವನ್ನು ತಿರುಗಿಸಿ ಹೇಳುವುದು. ಇವತ್ತಿನ ‘ಯಾಬ್’, ಅಂದರೆ ಪುಂಡ ಹುಡುಗ, ‘ಬಾಯ್’ ಶಬ್ದದ ಅಕ್ಷರಗಳನ್ನು ಹಿಂದುಮುಂದು ಮಾಡಿದ್ದು.

ಗುಟ್ಟಿನಂತೆ ಕಾಣುವುದಕ್ಕೆ ಕಾರಣ ಬೇರೆ ಇದೆ. ಪ್ರಾಸ ಇರುವ ಭಾಗವನ್ನೇ ನುಂಗಿಬಿಡುತ್ತಾರೆ. ‘ಲುಕ್’ಗೆ ‘ಬುಚರ್ಸ್ ಹುಕ್’, ಆಮೇಲೆ ಬರೀ ‘ಬುಚರ್ಸ್’. ‘ಹೆಡ್’ಗೆ ‘ಲೋಫ್ ಆಫ್ ಬ್ರೆಡ್’, ಆಮೇಲೆ ‘ಲೋಫ್’. ಎಲ್ಲದರಲ್ಲೂ ಹೀಗಾಗುವುದಿಲ್ಲ, ಫೋನಿಗೆ ‘ಡಾಗ್ ಅಂಡ್ ಬೋನ್’ ಇಡಿಯಾಗಿಯೇ ಉಳಿದಿದೆ.

ನಮಗೆ ಕಷ್ಟ ಆಗುವ ಇನ್ನೊಂದು ಜಾಗ ಉಚ್ಚಾರ. ಆಸ್ಟ್ರೇಲಿಯಾದಲ್ಲಿ ಸಾಸ್‌ಗೆ ‘ಡೆಡ್ ಹಾರ್ಸ್’ ಅಂತಾರೆ. ನಾವು ರಕಾರವನ್ನು ಗಟ್ಟಿಯಾಗಿ ಹೇಳುವವರು, ನಮ್ಮ ಕಿವಿಗೆ ಹಾರ್ಸ್ ಮತ್ತು ಸಾಸ್ ಪ್ರಾಸವೇ ಅಲ್ಲ. ಅವರ ಬಾಯಲ್ಲಿ ಆ ರಕಾರ ಇಲ್ಲ, ಎರಡೂ ಸರಿಯಾಗಿ ಕೂರುತ್ತವೆ. ಒಂದು ಮಾತು ಯಾವ ಊರಿನ ಬಾಯಲ್ಲಿ ಹುಟ್ಟಿತು ಅಂತ ಕಂಡುಹಿಡಿಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಪ್ರಶ್ನೆ: ಓಡಿಹೋಗು ಅನ್ನುವ ‘ಸ್ಕಾರ್ಪರ್’ ಬಂದದ್ದು ‘ಸ್ಕಾಪಾ ಫ್ಲೋ’ ಮತ್ತು ‘ಗೋ’ ಪ್ರಾಸದಿಂದ ಅಲ್ಲವೇ?

ಮತ್ತೆ ಇಸವಿ. ಸ್ಕಾಪಾ ಫ್ಲೋ ಎಂಬ ನೌಕಾನೆಲೆಯ ಹೆಸರು ಜನರ ಬಾಯಿಗೆ ಬಂದದ್ದು ಮೊದಲ ಮಹಾಯುದ್ಧದಲ್ಲಿ. ‘ಸ್ಕಾರ್ಪರ್’ 1840ರ ದಶಕದಿಂದ ಇದೆ, ಇಟಾಲಿಯನ್ನಿನ ಸ್ಕಪ್ಪಾರೆಯಿಂದ ಬಂದದ್ದು. ಆಮೇಲೆ ಸ್ಕಾಪಾ ಫ್ಲೋ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು.

ಪ್ರಶ್ನೆ: ನಮ್ಮ ‘ಊಟಗೀಟ’, ‘ಕಾಫಿಗೀಫಿ’ ಕೂಡ ಪ್ರಾಸದ ಸ್ಲ್ಯಾಂಗ್ ತಾನೆ?

ಅಲ್ಲ. ಊಟಗೀಟದಲ್ಲಿ ಊಟ ಎದುರಿಗೇ ಕೂತಿದೆ, ಕಾಕ್ನಿಯಲ್ಲಿ ಅದೇ ಮಾಯವಾಗಿರುತ್ತದೆ.

ಪ್ರಶ್ನೆ: ಬೆಂಗಳೂರಿನ ಹುಡುಗರ ‘ಸಖತ್’, ‘ಮಗಾ’ ಇತ್ಯಾದಿಗಳಿಂದ ಕನ್ನಡ ಕೆಡುತ್ತಿಲ್ಲವೇ?

ಇಲ್ಲ. ‘ಸಖತ್’ ಪರ್ಷಿಯನ್ನಿನ ಸಖ್ತ್, ಗಟ್ಟಿ ಅಂತ ಅರ್ಥ. ‘ಬೇಜಾರು’ ಕೂಡ ಅಲ್ಲಿಂದಲೇ ಬಂತು, ಅದನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ.

ಪ್ರಶ್ನೆ: ಮಗಳು ಓದಲು ಲಂಡನ್ನಿಗೆ ಹೊರಟಿದ್ದಾಳೆ. ನೂರು ಕಾಕ್ನಿ ಮಾತಿನ ವಿಡಿಯೊ ನೋಡಿ ಬಾಯಿಪಾಠ ಮಾಡುತ್ತಿದ್ದಾಳೆ. ಉಪಯೋಗ ಇದೆಯೇ?

ದಯವಿಟ್ಟು ನಿಲ್ಲಿಸಲು ಹೇಳಿ. ಆ ಪಟ್ಟಿಗಳಲ್ಲಿ ಮೆಟ್ಟಿಲಿಗೆ ‘ಆ್ಯಪಲ್ಸ್ ಅಂಡ್ ಪೇರ್ಸ್’ ಮೊದಲು ಬರುತ್ತದೆ, ಅದನ್ನು ದಿನದ ಮಾತಿನಲ್ಲಿ ಹೇಳುವವರು ಸಿಗುವುದೇ ಅಪರೂಪ. ಈಗ ಲಂಡನ್ನಿನ ಕಾಲೇಜು ಹುಡುಗರ ಬಾಯಲ್ಲಿ ಹೆಚ್ಚು ಕೇಳುವುದು ಜಮೈಕಾದ ಕಡೆಯಿಂದ ಬಂದ ‘ವಾಗ್ವಾನ್’ (ಏನು ಸಮಾಚಾರ), ‘ಮ್ಯಾನ್‌ಡೆಮ್’ (ಹುಡುಗರ ಗುಂಪು) ಥರದ ಮಾತು. ಹಳೇ ಕಾಕ್ನಿ ಕುಟುಂಬಗಳಲ್ಲಿ ಎಷ್ಟೋ ಲಂಡನ್ ಪಕ್ಕದ ಎಸೆಕ್ಸ್ ಕಡೆಗೆ ಹೋಗಿ ನೆಲೆಸಿವೆ.

ಇನ್ನೊಂದು ಅಪಾಯ ಇದೆ, ಅದನ್ನು ಆ ವಿಡಿಯೊದವರು ಹೇಳುವುದಿಲ್ಲ. ‘ಬರ್ಕ್’ ಅಂದ್ರೆ ಪೆದ್ದ ಅಂತ ಕಲಿಸುತ್ತಾರೆ. ಅದರ ಪೂರ್ತಿ ರೂಪ ‘ಬರ್ಕ್ಲಿ ಹಂಟ್’, ಆ ‘ಹಂಟ್’ ಪ್ರಾಸ ಕೂಡುವುದು ಹೆಣ್ಣಿನ ಅಂಗವನ್ನು ಹೇಳುವ ಅತಿ ಕೆಟ್ಟ ಬೈಗುಳದ ಜೊತೆ. ‘ಕಾಬ್ಲರ್ಸ್’ ಅಂದ್ರೆ ಬರೀ ಬೊಗಳೆ ಅನ್ನುತ್ತಾರೆ, ಅದರ ಹಿಂದೆ ಇರುವುದು ಗಂಡಸಿನ ವೃಷಣ. ಅಲ್ಲಿಯವರಲ್ಲೇ ಎಷ್ಟೋ ಜನಕ್ಕೆ ಇದು ಮರೆತಿದೆ, ಟೀವಿಯಲ್ಲೂ ಹೇಳುತ್ತಾರೆ. ಆದರೆ ಹೊಸದಾಗಿ ಹೋದ ಹುಡುಗಿ, ಅದೂ ಪ್ರೊಫೆಸರ ಮುಂದೆ, ಆ ಮಾತು ಆಡುವುದು ನನಗೆ ಬೇಡ ಅನ್ನಿಸುತ್ತದೆ. ನಾನು ಈ ವಿಷಯದಲ್ಲಿ ತುಂಬ ಹುಷಾರಿನ ಮನುಷ್ಯ, ಇರಲಿ. ಜೊತೆಯವರು ಆಡುವುದನ್ನು ಒಂದು ವರ್ಷ ಸುಮ್ನೆ ಕೇಳಿಸಿಕೊಳ್ಳಲಿ. ಅರ್ಥ ಆಗದಿದ್ದರೆ ನಾಚಿಕೆ ಬಿಟ್ಟು ಅವರನ್ನೇ ಕೇಳಲಿ, ಕಾಕ್ನಿ ಮಾತಾಡುವ ಹಿರಿಯರು ಸಿಕ್ಕರಂತೂ ಖುಷಿಯಿಂದ ಬಿಡಿಸಿ ಹೇಳುತ್ತಾರೆ.