ಸಿಗರೇಟು ಬಿಟ್ಟೆ, ತೂಕ ಏರುತ್ತಿದೆ

ಪ್ರಶ್ನೆ: ಹದಿನೆಂಟು ವರ್ಷಗಳ ಸಿಗರೇಟು ಚಟವನ್ನು ಬಿಟ್ಟು ಎರಡು ತಿಂಗಳಾಯಿತು. ಈಗ ಮೂರು ಕಿಲೋ ತೂಕ ಹೆಚ್ಚಿದೆ. ಸಂಜೆ ಲೋಕಲ್ ಇಳಿದೊಡನೆ ವಡಾಪಾವ್ ತಿನ್ನದೆ ಮನೆಗೆ ಹೋಗಲಾಗುತ್ತಿಲ್ಲ. ಮತ್ತೆ ಸೇದಿದರೆ ತೂಕ ಇಳಿಯುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ದಯವಿಟ್ಟು ಆ ಮಾತಿಗೆ ಕಿವಿಗೊಡಬೇಡಿ. ನಿಕೋಟಿನ್ ಹಸಿವನ್ನು ಅಡಗಿಸುತ್ತದೆ, ದೇಹವು ಶಕ್ತಿಯನ್ನು ವ್ಯಯಿಸುವ ವೇಗವನ್ನೂ ತುಸು ಹೆಚ್ಚಿಸುತ್ತದೆ. ಅದು ನಿಂತಾಗ ಹಸಿವೂ ನಾಲಿಗೆಯ ರುಚಿಯೂ ಮರಳುವುದರಿಂದ, ಮೊದಲ ವರ್ಷದಲ್ಲಿ ಸರಾಸರಿ 4ರಿಂದ 5 ಕಿಲೋ ತೂಕ ಹೆಚ್ಚುವುದುಂಟು, ಅದರಲ್ಲಿ ಬಹುಪಾಲು ಆರಂಭದ ತಿಂಗಳುಗಳಲ್ಲೇ ಸೇರುತ್ತದೆ. ಹಾಗಿದ್ದರೂ ಧೂಮಪಾನ ಬಿಟ್ಟದ್ದರಿಂದ ಹೃದಯಕ್ಕೂ ಶ್ವಾಸಕೋಶಕ್ಕೂ ಆಗುವ ಲಾಭ ಈ ತೂಕದ ಹಾನಿಗಿಂತ ಬಹಳ ದೊಡ್ಡದು.

ಈಗ ಕಠಿಣ ಉಪವಾಸ ಹಿಡಿಯಬೇಡಿ. ಹಸಿದ ಹೊಟ್ಟೆ ಮತ್ತೆ ಸಿಗರೇಟಿನತ್ತ ಎಳೆಯುತ್ತದೆ. ಕಚೇರಿಯಿಂದ ಹೊರಡುವ ಮುನ್ನ ಒಂದು ಹಿಡಿ ಹುರಿಗಡಲೆ ತಿಂದು ಮಜ್ಜಿಗೆ ಕುಡಿದರೆ ಸ್ಟೇಷನ್ನಿನ ಹೊರಗಿನ ಸೆಳೆತ ಅರ್ಧ ಇಳಿದೀತು.

ಇದನ್ನು ಒಬ್ಬರೇ ಹೊರಬೇಕಾಗಿಲ್ಲ. ಊಟದ ನಂತರ ಅರ್ಧ ಗಂಟೆ ನಡೆಯಲು ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕರೆಯಿರಿ. ನನ್ನ ಅನುಭವದಲ್ಲಿ, ಒಂಟಿಯಾಗಿ ಮಾಡಿದ ನಿರ್ಧಾರಕ್ಕಿಂತ ಬಾಗಿಲಲ್ಲಿ ಕಾಯುತ್ತಿರುವ ಜೊತೆಗಾರರೇ ಹೆಚ್ಚು ದಿನ ನಡೆಸುತ್ತಾರೆ. ಚಹಾದ ಟಪರಿಯ ಬಳಿ ಸಿಗರೇಟು ಚಾಚಬೇಡಿರೆಂದು ಸಹೋದ್ಯೋಗಿಗಳಿಗೆ ನೇರವಾಗಿ ತಿಳಿಸಿ. ಸೇದುವ ಆಸೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಗ್ಗುತ್ತದೆ. ತಗ್ಗದಿದ್ದರೆ ಸರ್ಕಾರದ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆಮಾಡಿ. ಮಧುಮೇಹ ಅಥವಾ ರಕ್ತದೊತ್ತಡವಿದ್ದರೆ ಈ ವಾರವೇ ನಿಮ್ಮ ವೈದ್ಯರನ್ನು ಕಾಣಿರಿ.